ರೋಸಿಯ ಹರಕೆಯ ಹೇಂಟೆ

ನನ್ನ ತಂಗಿ ರೋಸಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ೧೯೯೯ರ ಜನವರಿಯ ಒಂದು ಮಂಗಳವಾರ ಬೆಳಿಗ್ಗೆ, ಹಿರಿಯಡ್ಕ ಪೇಟೆಯ ಎಸ್‌ಟಿಡಿ ಬೂತಿನಲ್ಲಿ. ಬೂತಿನವನು ಮನೆಯವರೆಗೆ ಓಡಿ ಬಂದು, "ಮಾಸ್ಟ್ರೇ, ಮಣಿಪಾಲದ ಆಸ್ಪತ್ರೆಯಿಂದ ನಿಮ್ಮ ಭಾವನ ಫೋನ್ ಉಂಟು, ಹಿಡಿದುಕೊಂಡೇ ಇದ್ದಾರೆ" ಎಂದ. ನಾನು ಚಪ್ಪಲಿ ಹಾಕದೆ ಹೋದೆ.

"ಭಾವ, ರೋಸಿ ಹೋದಳು. ಬೆಳಗಿನ ಐದು ಗಂಟೆಗೆ" ಎಂದ ಹೆರಾಲ್ಡ್.

ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಆ ಕಡೆ ಅವನ ಬೂತಿನ ಮೀಟರು ತನ್ನ ಪಾಡಿಗೆ ಓಡುತ್ತಿರಬೇಕು. ಆಮೇಲೆ ಅವನು, "ಕೆಮ್ಮಣ್ಣಿನ ನಮ್ಮ ಮನೆಗೆ ನೀವು ಮೊದಲು ತಲುಪಿದರೆ ಆ ಹೇಂಟೆಯನ್ನು ಗೂಡಿನಿಂದ ಬಿಟ್ಟು ಎರಡು ಹಿಡಿ ಅಕ್ಕಿ ಹಾಕಿ" ಎಂದ.

ದುಃಖದಲ್ಲಿ ಮನುಷ್ಯರು ವಿಚಿತ್ರ ಮಾತು ಆಡುವುದನ್ನು ನಾನು ಕಂಡಿದ್ದೇನೆ. ನಮ್ಮ ತಂದೆ ಸತ್ತ ದಿನ ತಾಯಿ, ಗಡಿಯಾರಕ್ಕೆ ಕೀ ಕೊಟ್ಟಿರಾ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಹೆರಾಲ್ಡನ ಮಾತನ್ನೂ ಅದೇ ಸಾಲಿಗೆ ಸೇರಿಸಿಬಿಟ್ಟೆ. ಅದು ನನ್ನ ಮೊದಲ ತಪ್ಪು.

ಹೆರಾಲ್ಡ್ ಮೂವತ್ತೊಂದು ವರ್ಷ ಅಂಚೆಯಲ್ಲಿ ಕಾಗದ ವಿಂಗಡಿಸುವ ಕೆಲಸ ಮಾಡಿದವನು. ಗೋಡೆಯ ತುಂಬ ಗೂಡುಗಳು, ಒಂದೊಂದು ಊರಿಗೆ ಒಂದೊಂದು ಗೂಡು. ಕಾಪುವಿನ ಕಾಗದ ಕಾರ್ಕಳದ ಗೂಡಿಗೆ ಬಿದ್ದದ್ದು ತನ್ನ ಕಾಲದಲ್ಲಿ ಒಮ್ಮೆಯೂ ಇಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಆದರೆ ತನ್ನ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅವನಿಗೆ ತಿಳಿದಿರಲಿಲ್ಲ. ಒಲೆಯ ಬೂದಿ ತೆಗೆಯುವುದರಿಂದ ಸಂಜೆಯ ಜಪಸರ ನಡೆಸುವವರೆಗೆ ಎಲ್ಲವೂ ರೋಸಿಯದು. ಕೊನೆಯಲ್ಲಿ ಆಮೆನ್ ಎನ್ನುವುದು ಅವನದು. ಮಕ್ಕಳಿರಲಿಲ್ಲ. ಕೋಳಿಗಳಿದ್ದವು.

ಆ ಕೋಳಿಗಳ ವಂಶ ನಮ್ಮ ತಾಯಿಯದು. ರೋಸಿಯ ಮದುವೆಯಾದಾಗ ತಾಯಿ ಬುಟ್ಟಿಯಲ್ಲಿ ಒಂದು ಹೇಂಟೆಯನ್ನು ಇಟ್ಟು ಕಳುಹಿಸಿದ್ದರು. ಅದರ ಮರಿ, ಮರಿಯ ಮರಿ ಎಂದು ಮೂವತ್ತೆಂಟು ವರ್ಷ ಆ ಅಂಗಳದಲ್ಲಿ ಕೆದಕಿದವು. ರೋಸಿ ಹೋಗುವ ಹಿಂದಿನ ವರ್ಷ ಕೋಳಿ ಜ್ವರ ಬಂದು ಹದಿನೇಳು ಸತ್ತು, ಕಂದು ಬಣ್ಣದ ಈ ಒಂದು ಹೇಂಟೆ ಮಾತ್ರ ಉಳಿದಿತ್ತು.

ಅದು ಹರಕೆಯ ಹೇಂಟೆ. ಅದಕ್ಕೂ ಒಂದು ವರ್ಷದ ಹಿಂದೆ ಹೆರಾಲ್ಡನಿಗೆ ಕಾಮಾಲೆಯಾಗಿ ಕಣ್ಣು ಅರಿಸಿನದಂತಾಗಿದ್ದಾಗ ರೋಸಿ ಮಾತೆ ಮರಿಯಮ್ಮನವರಿಗೆ ಹೇಳಿಕೊಂಡಿದ್ದಳು: ಇವರು ಎದ್ದು ಕುಳಿತರೆ ಮೊಟ್ಟೆ ಇಡುವ ಈ ಹೇಂಟೆಯನ್ನು ತೆನೆ ಹಬ್ಬಕ್ಕೆ ಒಪ್ಪಿಸುತ್ತೇನೆ. ಸೆಪ್ಟೆಂಬರ್ ಎಂಟಕ್ಕೆ ಮಾತೆಯ ಜನ್ಮದಿನ; ಆ ದಿನ ಇಗರ್ಜಿಯಲ್ಲಿ ಹೊಸ ತೆನೆ ಆಶೀರ್ವದಿಸಿ ಮನೆ ಮನೆಗೆ ಕೊಡುತ್ತಾರೆ, ಜನ ಒಪ್ಪಿಸಿದ ಕೋಳಿ ಕುಂಬಳಕಾಯಿಗಳನ್ನು ಅಂಗಳದಲ್ಲಿ ಏಲಂ ಮಾಡುತ್ತಾರೆ. ಕೊಟ್ಟವರು ತಮ್ಮದನ್ನು ತಾವೇ ಹಿಂದೆ ಕೊಳ್ಳಬಾರದೆಂಬುದು ರೂಢಿ.

ಹೆರಾಲ್ಡ್ ಎದ್ದು ಕುಳಿತ. ಹರಕೆ ಕುಳಿತಲ್ಲೇ ಕುಳಿತಿತು. ಮೊದಲ ವರ್ಷ ಹಬ್ಬದ ಹೊತ್ತಿಗೆ ಹೇಂಟೆ ಕಾವಿಗೆ ಕೂತಿತ್ತು. ಎರಡನೆಯ ವರ್ಷ ಉಳಿದದ್ದು ಅದೊಂದೇ, ಕೊಟ್ಟರೆ ತಾಯಿಯ ವಂಶವೇ ಮುಗಿಯುತ್ತದೆ. ಒಂದು ಸಲ ಮರಿ ಮಾಡಿಸಿಕೊಂಡು ಕೊಡುತ್ತೇನೆ ಎಂದು ರೋಸಿ ಮುಂದೆ ಹಾಕಿದಳು. ಆಸ್ಪತ್ರೆಯ ಮಂಚದಲ್ಲಿ ಗಂಡನ ಕೈ ಹಿಡಿದು ಆಡಿದ ಕೊನೆಯ ಮಾತು ಇದೇ: "ಬರುವ ತೆನೆ ಹಬ್ಬಕ್ಕೆ ಹೇಂಟೆ ಕೊಟ್ಟುಬಿಡಿ. ಮಾತೆಯನ್ನು ಇನ್ನೂ ಕಾಯಿಸಬಾರದು."

ಇದನ್ನು ಹೆರಾಲ್ಡ್ ನನಗೆ ಹೇಳಿದ್ದು ಮಣ್ಣು ಮಾಡಿ ಬಂದ ಮೇಲೆ. "ಅದನ್ನು ಕೊಡುವವರೆಗೆ ಅವಳನ್ನು ಒಳಗೆ ಬಿಡುವುದಿಲ್ಲ, ಭಾವ. ಬಾಗಿಲಲ್ಲಿ ನಿಂತಿರುತ್ತಾಳೆ. ಅವಳಿಗೆ ಮೊದಲೇ ಮೊಣಕಾಲು ನೋವು" ಎಂದ.

ದೇವರು ಮೊಣಕಾಲು ನೋವಿನವರನ್ನು ಹಾಗೆಲ್ಲ ನಿಲ್ಲಿಸುವುದಿಲ್ಲ ಎಂದು ನಾನು ಹೇಳಿದೆ. ಅವನು ಆಮೆನ್ ಎಂದ. ಒಪ್ಪಿದ್ದಕ್ಕೆ ಹೇಳಿದ ಆಮೆನ್ ಅಲ್ಲ ಅದು, ಅಭ್ಯಾಸದ್ದು.

ರೋಸಿಯ ತಿಂಗಳ ಪೂಜೆ ಕಳೆದ ಮೇಲೆ ಹೇಂಟೆ ಮೊಟ್ಟೆ ನಿಲ್ಲಿಸಿತು. ದುಃಖಕ್ಕೆ ಇರಬೇಕೆಂದು ಹೆರಾಲ್ಡ್ ಅದಕ್ಕೆ ಒಣಮೀನಿನ ಪುಡಿ ಹಾಕಿದ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಅವನು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದಾಗ ಹೇಂಟೆ ಬಟ್ಟೆ ಒಗೆಯುವ ಕಲ್ಲು ಹತ್ತಿ, ಕುತ್ತಿಗೆ ಉದ್ದ ಮಾಡಿ ಕೂಗಿತು. ಪೂರ್ತಿ ಕೂಗಲ್ಲ, ಅರ್ಧಕ್ಕೆ ಗಂಟಲು ಕಟ್ಟಿದ ಕೂಗು. ಆದರೂ ಕೂಗೇ.

ಬೇಲಿಯ ಆಚೆ ನೆರೆಮನೆಯ ಕುಶಲಾ ಪಾತ್ರೆ ತಿಕ್ಕುತ್ತಿದ್ದಳು. ಮುಂದಿನದನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ.

"ಹೆರಾಲ್ಡಣ್ಣ, ನಿಮ್ಮಲ್ಲಿ ಹುಂಜ ಯಾವಾಗ ಬಂತು?"

ಹೆರಾಲ್ಡ್ ಹೇಂಟೆಯನ್ನು ನೋಡಿದ. ಹೇಂಟೆ ಹೆರಾಲ್ಡನನ್ನು ನೋಡಿತು.

"ಯಾವ ಹುಂಜ?"

"ಈಗ ಕೂಗಿತಲ್ಲ."

"ರೇಡಿಯೋ ಇರಬೇಕು."

"ರೇಡಿಯೋದಲ್ಲಿ ಹುಂಜ ಕೂಗಿಸುವುದುಂಟಾ? ಹೇಂಟೆ ಕೂಗಿದ್ದಲ್ಲವಲ್ಲ? ಹೇಂಟೆ ಕೂಗಿದರೆ ಅದೇ ದಿನ ಕುತ್ತಿಗೆ ಮುರಿಯಬೇಕು, ಮನೆಗೆ ಆಗುವುದಿಲ್ಲ. ನಮ್ಮ ಅತ್ತೆಯ ಮನೆಯಲ್ಲಿ ಒಂದು ಕೂಗಿ ವಾರದೊಳಗೆ ಹಟ್ಟಿಯ ಹೆಂಚಿನ ಮಾಡು ಕುಸಿದಿತ್ತು."

"ಕೂಗಿದ್ದಕ್ಕೆ ಕುಸಿದದ್ದಾ?"

"ಮತ್ತೆ? ಮಾಡು ಹಳೆಯದೇ. ಆದರೆ ಕೂಗುವವರೆಗೆ ನಿಂತಿತ್ತಲ್ಲ."

ಕುತ್ತಿಗೆ ಮುರಿದರೆ ಹರಕೆ ಮುರಿಯಿತು. ಹೆರಾಲ್ಡ್ ಮುಖದ ನೀರನ್ನೂ ಒರೆಸದೆ ಹೇಳಿದ: "ಹುಂಜವೇ. ಹಿರಿಯಡ್ಕದ ಭಾವ ಕೊಟ್ಟದ್ದು. ನಿನ್ನೆ ತಂದೆ."

ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಗೂಡಿಗೆ ಹಾಕದ ಮನುಷ್ಯ ಹೀಗೆ ಒಂದು ಹೇಂಟೆಯನ್ನು ಹುಂಜದ ಗೂಡಿಗೆ ಹಾಕಿದ. ಅದೂ ನನ್ನ ಹೆಸರಿನಲ್ಲಿ.

ಹಕ್ಕಿಯನ್ನು ಕಟ್ಟಿಗೆ ಕೋಣೆಗೆ ಸೇರಿಸಿದ. ಹುಂಜದ ಕೂಗು ದಿನವೂ ಕೇಳಿಸುತ್ತಿತ್ತು. ಹೇಂಟೆ ಮಾತ್ರ ಅಂಗಳದಲ್ಲಿ ಕಾಣಿಸಲಿಲ್ಲ. ಕುಶಲಾ ಕೇಳಿದ್ದಕ್ಕೆ ಕಾವಿಗೆ ಕೂತಿದೆ ಎಂದ. ಕುಶಲಾ ಬೆರಳು ಮಡಚಿ ಎಣಿಸತೊಡಗಿದಳು. ಇಪ್ಪತ್ತೊಂದು ದಿನ ಕಳೆಯಿತು, ಇಪ್ಪತ್ತೈದು ಕಳೆಯಿತು. ಒಂದು ಮರಿಯೂ ಚಿಂವ್ ಎನ್ನಲಿಲ್ಲ.

ಆ ದಿನಗಳ ಒಂದು ಶುಕ್ರವಾರ ಆನ್ಸಿಲ್ಲಾ ಬಾಯಿ ಆ ದಾರಿಯಾಗಿ ಹೋದರು. ಆನ್ಸಿಲ್ಲಾ ಬಾಯಿ ಕೆಮ್ಮಣ್ಣಿನ ಇಗರ್ಜಿಯ ಸ್ತ್ರೀ ಸಂಘದ ಅಧ್ಯಕ್ಷೆ, ರೋಸಿಯ ಬಾಲ್ಯದ ಗೆಳತಿ, ತಪಸ್ಸು ಕಾಲದಲ್ಲಿ ಶುಕ್ರವಾರ ಮೊಟ್ಟೆಯ ಹೆಸರನ್ನೂ ಎತ್ತದವರು. ಹೆರಾಲ್ಡನ ಅಡುಗೆಮನೆಯ ಕಿಟಕಿಯಿಂದ ಕೋಳಿ ಸಾರಿನ ಮಸಾಲೆಯ ಪರಿಮಳ ಬರುತ್ತಿತ್ತು. ರೋಸಿಯೇ ಹುರಿದು ಅರೆದ ಮಸಾಲೆ. ಆ ಪರಿಮಳವನ್ನು ಆನ್ಸಿಲ್ಲಾ ಬಾಯಿ ಕಣ್ಣು ಮುಚ್ಚಿ ಹೇಳಬಲ್ಲರು.

ಹರಕೆಯ ಹೇಂಟೆ ಕಾಣುವುದಿಲ್ಲ, ಕೋಳಿ ಮಸಾಲೆ ಕುದಿಯುತ್ತದೆ, ಮಾಂಸ ಮುಟ್ಟಬಾರದ ಶುಕ್ರವಾರ ಬೇರೆ. ಮೂರನ್ನೂ ಕೂಡಿಸಲಿಕ್ಕೆ ಇಗರ್ಜಿಯ ಆ ವಾರ್ಡಿಗೆ ಅರ್ಧ ದಿನ ಸಾಕಾಯಿತು.

ವಾರ್ಡಿನ ಗುರಿಕಾರ, ಅಂದರೆ ಅಲ್ಲಿನ ಮನೆಗಳ ಮುಖಂಡ, ವ್ಯಾಲೆಂಟೈನ್ ವಿಚಾರಣೆಗೆ ಬಂದ. ವ್ಯಾಲೆಂಟೈನ್ ಗುರಿಕಾರನಾಗುವ ಮೊದಲು ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರ್. ಎಲ್ಲಿ ಹೋದರೂ ಎದುರಿಗಿರುವವರ ಹತ್ತಿರ ಟಿಕೆಟ್ ಇಲ್ಲವೆಂದೇ ನಂಬಿ ಮಾತು ಶುರುಮಾಡುತ್ತಿದ್ದ.

"ಹುಂಜ ತೋರಿಸು ಮಾರಾಯ."

ಹೆರಾಲ್ಡ್ ಬುಟ್ಟಿಯಲ್ಲಿ ಹಕ್ಕಿಯನ್ನು ತಂದ. ಕೆಂಪು ಜುಟ್ಟು ಬೆಳೆದಿತ್ತು. ವ್ಯಾಲೆಂಟೈನ್ ತಲೆಯಾಡಿಸಿದ. "ಈಗ ಹೇಂಟೆ ತೋರಿಸು."

ಹೆರಾಲ್ಡ್ ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೋದ. ಪಾತ್ರೆ ಬಿದ್ದ ಸದ್ದಾಯಿತು. ಜುಟ್ಟಿನ ಮೇಲೆ ರೋಸಿಯ ಕರವಸ್ತ್ರ ಹೊದಿಸಿ, ಅದೇ ಬುಟ್ಟಿಯನ್ನು ಹೊರಗೆ ತಂದ.

"ಇದು ಆಗ ತೋರಿಸಿದ್ದೇ, ಅಲ್ವಾ?"

"ಹೋಲಿಕೆ ಉಂಟು."

"ತಲೆಗೆ ಎಂತಕ್ಕೆ ಬಟ್ಟೆ?"

"ಶೀತ."

ಆಗ ಕರವಸ್ತ್ರದ ಒಳಗಿನಿಂದ ಹೇಂಟೆ ಕೂಗಿತು. ಗಂಟಲು ಈಗ ಸರಿಯಾಗಿತ್ತು.

ವ್ಯಾಲೆಂಟೈನ್ ನೇರವಾಗಿ ಪೇಟೆಗೆ ಹೋಗಿ ಹಿರಿಯಡ್ಕದ ಬೂತಿಗೆ ಫೋನ್ ಮಾಡಿದ. "ಮಾಸ್ಟ್ರೇ, ನೀವು ಭಾವನಿಗೆ ಹುಂಜ ಕೊಟ್ಟದ್ದು ಹೌದಾ?" ನಾನು ನಲವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸಿದವನು. ಒಂದು ಗರಿಯನ್ನೂ ಕೊಟ್ಟಿಲ್ಲ ಎಂದೆ. ಏಕೆ ಕೇಳುತ್ತೀರಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಅದು ಎರಡನೆಯ ತಪ್ಪು.

ಆ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಹೆಂಡತಿಯ ಹರಕೆಯ ಹೇಂಟೆಯನ್ನು ಹೆರಾಲ್ಡ್ ತಪಸ್ಸು ಕಾಲದ ಶುಕ್ರವಾರ ತಿಂದಿದ್ದಾನೆ. ಬಾಯಿ ಮುಚ್ಚಿಸಲು ಎಲ್ಲಿಂದಲೋ ಒಂದು ಹುಂಜ ತಂದಿದ್ದಾನೆ. ತಿಂಗಳಿಗೊಮ್ಮೆ ಮನೆ ಮನೆಗೆ ಬರುವ ಮಾತೆಯ ಪ್ರತಿಮೆ ಅವನ ಮನೆಯನ್ನು ದಾಟಿ ಮುಂದಿನ ಮನೆಗೆ ಹೋಯಿತು. ಈಸ್ಟರ್ ಹಬ್ಬಕ್ಕೆ ಯಾರೂ ಸಣ್ಣ ಎನ್ನುವ ಹಬ್ಬದ ಇಡ್ಲಿ ಒಂದು ತಟ್ಟೆ ಕಳುಹಿಸಲಿಲ್ಲ, ಕುಶಲಾ ಒಬ್ಬಳು ಕಡುಬು ಕೊಟ್ಟಳು. ಅವಳು ಇಗರ್ಜಿಯವಳಲ್ಲ, ಅವಳಿಗೆ ನಮ್ಮ ಶುಕ್ರವಾರದ ಹಂಗಿಲ್ಲ.

ಅವಳೇ ಮುಂದೆ ಒಂದು ದಿನ ನನಗೆ ಹೇಳಿದ್ದು: "ಸಂಜೆ ಅವರ ಪ್ರಾರ್ಥನೆ ಕೇಳುತ್ತದೆ ಮಾಸ್ಟ್ರೇ. ರೋಸಿಯಕ್ಕ ಹೇಳುವ ಅರ್ಧವನ್ನೂ ಅವರೇ ಹೇಳುತ್ತಾರೆ, ಅವರ ಅರ್ಧವನ್ನೂ ಅವರೇ. ರೋಸಿಯಕ್ಕನ ಏಪ್ರನ್ ಕಟ್ಟಿಕೊಂಡು ರೊಟ್ಟಿ ತಟ್ಟುತ್ತಾರೆ. ಮಲ್ಲಿಗೆ ಕಟ್ಟಿ ಮಾತೆಯ ಫೋಟೋಕ್ಕೆ ಹಾಕುತ್ತಾರೆ. ಆ ಮನೆಯಲ್ಲಿ ಹೇಂಟೆ ಹುಂಜವಾಯಿತು, ಹುಂಜ ಹೇಂಟೆಯಾಯಿತು." ಹೇಳಿ ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಆ ದಿನಗಳಲ್ಲಿ ಅವಳಿಗೆ ಮಾತ್ರ ನಿಜ ಗೊತ್ತಿತ್ತು. ಬೇಲಿಯ ಸಂದಿನಿಂದ ಎಲ್ಲ ಕಂಡಿದ್ದಳು. ಮಾಡು ಕುಸಿಯುತ್ತದೆಂದು ಅವಳು ಹೆದರಿದ್ದು ನಿಜವೇ. ಆದರೆ ಯಾರಿಗೂ ಹೇಳಲಿಲ್ಲ.

ಈಸ್ಟರಿಗೆ ಮುಂಚೆ ಹೆರಾಲ್ಡ್ ಪಾಪನಿವೇದನೆಗೆ ಹೋದ. ಪಾದ್ರಿಗಳು ಅದನ್ನು ಹೊರಗೆ ಹೇಳುವಂತಿಲ್ಲ. ಹೆರಾಲ್ಡನೇ ಆಮೇಲೆ ನನಗೆ ಹೇಳಿದ.

"ಫಾದರ್, ನಾನು ಹುಂಜವೆಂದು ಸುಳ್ಳು ಹೇಳಿದೆ. ಅದು ಹೇಂಟೆ."

"ಸರಿ" ಎಂದರು ಫಾದರ್ ವಿಲ್ಫ್ರೆಡ್.

"ಆದರೆ ಈಗ ಅದು ಹುಂಜವಾಗುತ್ತಾ ಉಂಟು."

"ಹಾಗಾದರೆ ಸುಳ್ಳಲ್ಲವಲ್ಲ."

"ಹೇಳುವಾಗ ಸುಳ್ಳು, ಫಾದರ್. ಆಮೇಲೆ ನಿಜವಾಗುತ್ತಾ ಬಂತು."

ಹೊತ್ತು ಏರುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತವರು, ಇವನು ಎಷ್ಟು ದೊಡ್ಡ ಪಾಪ ಮಾಡಿರಬೇಕು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಫಾದರ್, "ಹೆರಾಲ್ಡ್, ಸರಿಯಾಗಿ ನಿದ್ದೆ ಮಾಡುತ್ತೀರಾ?" ಎಂದು ಕೇಳಿದರಂತೆ.

ಮಳೆಗಾಲ ಶುರುವಾದಾಗ ಹಕ್ಕಿ ಗರಿ ಉದುರಿಸಿತು. ಹೊಸ ಗರಿ ಬಂದಾಗ ಕುತ್ತಿಗೆಗೆ ಹೊಂಬಣ್ಣ, ಬಾಲಕ್ಕೆ ಕುಡುಗೋಲಿನಂತೆ ಬಾಗಿದ ಹಸುರುಗಪ್ಪು, ಕಾಲಿಗೆ ಮುಳ್ಳು. ಇನ್ನು ಯಾರ ಕಣ್ಣಿಗೂ ಅದು ಹೇಂಟೆಯಲ್ಲ. ಸುಳ್ಳು ಹೇಳಿದ್ದರೆ ಎಲ್ಲರೂ ನಂಬುವ ಕಾಲ ಬಂತು. ಆಗ ಹೆರಾಲ್ಡ್ ನಿಜ ಹೇಳಲು ನಿಶ್ಚಯಿಸಿದ.

ಆಗಸ್ಟಿನ ವಾರ್ಡು ಸಭೆಯಲ್ಲಿ ಹಬ್ಬಕ್ಕೆ ಯಾರ ಮನೆಯಿಂದ ಏನು ಎಂದು ಬರೆದುಕೊಳ್ಳುತ್ತಿದ್ದರು. ಹೆರಾಲ್ಡ್ ಎದ್ದು ನಿಂತ. "ರೋಸಿಯ ಹರಕೆಯ ಹೇಂಟೆ ನನ್ನಿಂದ."

"ಅದು ಹೊಟ್ಟೆಗೆ ಹೋಗಿ ಐದು ತಿಂಗಳಾಯಿತಲ್ಲ ಮಾರಾಯ" ಎಂದ ವ್ಯಾಲೆಂಟೈನ್.

"ಇಲ್ಲ. ಮನೆಯಲ್ಲೇ ಉಂಟು. ಹುಂಜವಾಗಿದೆ."

ಸಭೆ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ಆ ಶುಕ್ರವಾರ ಬೇಯುತ್ತಿದ್ದದ್ದು ಎಂತ ಹಾಗಾದರೆ?" ಎಂದರು ಆನ್ಸಿಲ್ಲಾ ಬಾಯಿ.

"ತೊಂಡೆಕಾಯಿ."

"ಕೋಳಿ ಮಸಾಲೆಯಲ್ಲಿ ತೊಂಡೆಕಾಯಿಯಾ?"

"ಅವಳು ಮಾಡಿಟ್ಟದ್ದು ಐದು ಬಾಟ್ಲಿ ಇತ್ತು. ಯಾವುದರಲ್ಲಿ ಎಂತ ಉಂಟೆಂದು ನನಗೆ ಗೊತ್ತಿಲ್ಲ. ಎದುರಿಗೆ ಇದ್ದದ್ದನ್ನು ಹಾಕಿದೆ" ಎಂದ ಹೆರಾಲ್ಡ್. ಆಮೇಲೆ, "ಈಗ ಒಂದು ಬಾಟ್ಲಿ ಉಳಿದಿದೆ. ಅದನ್ನು ತೆರೆಯಲಿಲ್ಲ" ಎಂದ.

ಆನ್ಸಿಲ್ಲಾ ಬಾಯಿ ಕುಳಿತುಬಿಟ್ಟರು. ವ್ಯಾಲೆಂಟೈನ್ ಬಿಡಲಿಲ್ಲ. "ಫಾದರ್, ದೇವರು ನೋಹನ ನಾವೆಗೆ ಗಂಡು ಒಂದು, ಹೆಣ್ಣು ಒಂದು ಎಂದು ಲೆಕ್ಕ ಮಾಡಿ ಹತ್ತಿಸಿದ್ದು. ನಡುವೆ ಸೀಟು ಬದಲಿಸಲಿಕ್ಕಿಲ್ಲ."

"ಇಂಥದ್ದು ಇದ್ದಿದ್ದರೆ ಒಂದೇ ಸಾಕಾಗಿ ನಾವೆಯಲ್ಲಿ ಜಾಗ ಉಳಿಯುತ್ತಿತ್ತು, ವ್ಯಾಲೆಂಟೈನ್" ಎಂದರು ಫಾದರ್. ಆಮೇಲೆ ಹೆರಾಲ್ಡನ ಕಡೆ ತಿರುಗಿ, "ಬೇರೆ ಒಂದು ಹೇಂಟೆ ಕೊಟ್ಟುಬಿಡಿ. ಮಾತೆ ಬೇಡ ಎನ್ನುವುದಿಲ್ಲ" ಎಂದರು.

"ಅವಳು ಬೇರೆಯದನ್ನು ಹೇಳಿರಲಿಲ್ಲ, ಫಾದರ್. ಇದನ್ನೇ ಹೇಳಿದ್ದು."

"ಹಾಗಾದರೆ ತಿಳಿದವರಿಂದ ಒಂದು ಮಾತು ಬರೆಸಿ ತನ್ನಿ. ಇದು ಆ ಹೇಂಟೆಯೇ ಎಂದಾದರೆ ಸರಿ. ಇಲ್ಲದಿದ್ದರೆ ಸುಳ್ಳು ಹೇಳಿ ಮಾತೆಗೆ ಹುಂಜ ಒಪ್ಪಿಸಿದಂತಾಗುತ್ತದೆ."

ಹಬ್ಬಕ್ಕೆ ಹದಿನೆಂಟು ದಿನವಿತ್ತು.

ಮಾರನೆಯ ದಿನವೇ ಹೆರಾಲ್ಡ್ ಬುಟ್ಟಿ ಹಿಡಿದು ಹಿರಿಯಡ್ಕಕ್ಕೆ ಹೊರಟ. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲ ದಾಟುವಾಗ ಆಸ್ಪತ್ರೆಯ ಎದುರು ಹಕ್ಕಿ ಜೋರಾಗಿ ಕೂಗಿತು. ಕಂಡಕ್ಟರ್ ಬಂದ. "ಹುಂಜವನ್ನು ಸೀಟಿನಲ್ಲಿ ಇಡಬಾರದು."

"ಹುಂಜ ಅಲ್ಲ, ಹೇಂಟೆ."

ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ತುಂಬ ಮೃದುವಾಗಿ, "ಅಜ್ಜ, ನೀವು ಆಸ್ಪತ್ರೆಯಲ್ಲಿ ಇಳಿಯಬೇಕಿತ್ತಾ?" ಎಂದ.

ನನ್ನ ಮನೆಗೆ ಬಂದಾಗ ಅವನು ಎಲ್ಲವನ್ನೂ ಮೊದಲಿನಿಂದ ಹೇಳಿದ. ನಾನು ಬುಟ್ಟಿಯ ಮುಚ್ಚಳ ತೆಗೆದು ನೋಡಿದೆ. ಎದೆಯುಬ್ಬಿಸಿದ ಒಂದು ಹುಂಜ. ನಾನೂ ನಂಬಲಿಲ್ಲ. ಪಾಪ, ಬುದ್ಧಿ ಕಲಕಿದೆ ಎಂದುಕೊಂಡು, ಸಮಾಧಾನಕ್ಕಾಗಿ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ನಂಬದಿದ್ದದ್ದನ್ನು ಮೂರನೆಯ ತಪ್ಪೆಂದು ಬರೆಯುತ್ತೇನೆ. ಮೊದಲ ಎರಡಕ್ಕಿಂತ ಇದು ದೊಡ್ಡದು.

ಡಾಕ್ಟರ್ ಹನುಮೇಶ ರಾಯಚೂರಿನ ಕಡೆಯವರು, ನಮ್ಮ ಕಡೆಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಹೆರಾಲ್ಡನ ಮಾತನ್ನು ಮೊದಲಿನಿಂದ ಕೊನೆಯವರೆಗೆ ನಗದೆ ಕೇಳಿದ ಮೊದಲ ಮನುಷ್ಯ ಅವರು.

"ಅದರಾಗ ಸುಳ್ಳೇನೈತ್ರೀ ಸರ? ಆಗ್ತದ. ಸಾವಿರಕ್ಕ ಒಂದೋ, ಹತ್ತು ಸಾವಿರಕ್ಕ ಒಂದೋ, ಆಗ್ತದ" ಎಂದರು. "ಹೇಂಟಿಗೆ ಎಡಗಡೆ ತತ್ತಿಚೀಲ ಒಂದಾ ಕೆಲಸ ಮಾಡೂದು. ಬಲಗಡೀದು ಹುಟ್ಟಿದಾಗಿಂದ ಮಲಗೇ ಇರ್ತದ. ಎಡಗಡೀದು ರೋಗ ಬಂದು ನಿಂತ್ಹೋತು ಅಂದ್ರ, ಒಂದೊಂದು ಸಲ ಬಲಗಡೀದು ಏಳ್ತದ. ಎದ್ದಾಗ ಅದು ಗಂಡಾಗಿ ಏಳ್ತದ. ಜುಟ್ಟು ಬರ್ತದ, ಕೂಗು ಬರ್ತದ."

"ಹಾಗಾದರೆ ಇದು ಈಗ ಎಂತ ಡಾಕ್ಟ್ರೇ?" ಎಂದ ಹೆರಾಲ್ಡ್. ಅವನ ಮೂವತ್ತೊಂದು ವರ್ಷದ ಗೂಡುಗಳೆಲ್ಲ ಆ ಪ್ರಶ್ನೆಯಲ್ಲಿದ್ದವು.

"ಮೈಯಾಗಿನ ಕಣಕಣದಾಗ ಬರದದ್ದು ಹೇಂಟಿ ಅಂತಾನ. ಅದು ಅಳಿಸೂದಿಲ್ಲ. ಮ್ಯಾಲಿನ ವೇಷ ಹುಂಜದ್ದು. ಮರಿ ಮಾತ್ರ ಆಗಲಿಕ್ಕಿಲ್ರೀ." ಹೆರಾಲ್ಡನ ಮುಖ ನೋಡಿ ಅವರು ಮುಂದುವರಿಸಿದರು. "ಇದಕ್ಕ ಯಾಕ ಇಷ್ಟು ಗಾಬರಿ? ನಿಮ್ಮ ಹೊಳ್ಯಾಗ ಕಲ್ಲಿಗೆ ಅಂಟಿರ್ತಾವಲ್ಲ ಸಿಂಪಿ, ಅವು ಒಂದು ವರ್ಷ ಗಂಡು, ಇನ್ನೊಂದು ವರ್ಷ ಹೆಣ್ಣು. ಸಮುದ್ರದಾಗ ಕೆಲವು ಮೀನು ಹೆಣ್ಣಾಗಿ ಹುಟ್ಟಿ ಗಂಡಾಗಿ ಮುದುಕ ಆಗ್ತಾವ. ದೇವರು ಎರಡಾ ಗೂಡು ಮಾಡ್ಯಾನ ಅಂತ ನಾವು ತಿಳಕೊಂಡೀವಿ. ಅಂವ ಎಷ್ಟು ಮಾಡ್ಯಾನೋ ಯಾರಿಗೊತ್ತು."

ನಾನು ಸೃಷ್ಟಿಯ ಅಧ್ಯಾಯವನ್ನು ಐವತ್ತು ವರ್ಷದಿಂದ ಓದುತ್ತಿದ್ದೇನೆ. ಅದರಲ್ಲಿ ಐದನೆಯ ದಿನ ನೀರಿನ ಜೀವಿಗಳನ್ನೂ ಹಕ್ಕಿಗಳನ್ನೂ ಮಾಡಿ ದೇವರು ಒಳ್ಳೆಯದೆಂದು ಕಂಡನು ಎಂದಿದೆ. ಹೊಳೆಯ ಸಿಂಪಿಯನ್ನು ಕಂಡೂ ಹಾಗೆಯೇ ಹೇಳಿರಬೇಕಲ್ಲ ಎಂಬುದು ನನಗೆ ಆ ದಿನ ಆ ಮರದ ಬೆಂಚಿನ ಮೇಲೆ ಹೊಳೆಯಿತು.

ಡಾಕ್ಟರ್ ಅಚ್ಚು ಹಾಕಿದ ಕಾಗದ ತೆಗೆದು ಬರೆಯತೊಡಗಿದರು. ಬಣ್ಣ, ಕಂದು ಮತ್ತು ಹೊಂಬಣ್ಣ. ವಯಸ್ಸು, ನಾಲ್ಕು ವರ್ಷ. ಲಿಂಗ ಎಂಬಲ್ಲಿ ಪೆನ್ನು ನಿಂತಿತು. ಕಾಗದದಲ್ಲಿ ಗಂಡು, ಹೆಣ್ಣು ಎಂದು ಎರಡೇ ಇತ್ತು; ಒಂದನ್ನು ಹೊಡೆದುಹಾಕಬೇಕು. ಅವರು ಎರಡನ್ನೂ ಹಾಗೇ ಬಿಟ್ಟು ಸಹಿ ಮಾಡಿದರು.

"ಆದರ ಒಂದು ಮಾತು. ಹೇಂಟಿ ಹಿಂಗ ಆಗ್ತದ ಅಂತ ನಾ ಹೇಳಬಲ್ಲೆ. ಇದು ನಿಮ್ಮ ಮನಿಯವರ ಹೇಂಟಿನಾ ಅಂತ ನಾ ಹೆಂಗ ಹೇಳ್ಲಿ?"

ಹೇಳುತ್ತಾ ಅವರು ಹಕ್ಕಿಯನ್ನು ಮಗುಚಿ ಕಾಲು ಹಿಡಿದರು. ಎಡಗಾಲಿನ ಹೊರಬೆರಳಿಗೆ ಉಗುರಿರಲಿಲ್ಲ. ತುದಿ ಗುಂಡಗೆ, ನಯವಾಗಿತ್ತು.

ನಮ್ಮ ತಾಯಿ, ಮರಿ ಮೊಟ್ಟೆಯೊಡೆದು ಬಂದ ದಿನವೇ ಎಡಗಾಲಿನ ಹೊರಬೆರಳಿನ ತುದಿಯನ್ನು ಅಡಕತ್ತರಿಯಿಂದ ಒಂದು ಎಳ್ಳಿನಷ್ಟು ಕತ್ತರಿಸಿ, ಅರಿಸಿನ ಒತ್ತುತ್ತಿದ್ದರು. ಕೋಳಿ ಪಕ್ಕದ ಮನೆಗೆ ಹೋದರೂ ನಮ್ಮದೆಂದು ತಿಳಿಯಬೇಕು. ಮರಿಯನ್ನು ಅಲುಗದಂತೆ ಹಿಡಿಯುವ ಕೆಲಸ ರೋಸಿಯದು, ಅರಿಸಿನದ ಬಟ್ಟಲು ನನ್ನದು. ಅವಳಿಗೆ ಆಗ ಆರು ವರ್ಷ. ಮರಿಗಿಂತ ಮೊದಲು ಅವಳೇ ಕಣ್ಣು ಮುಚ್ಚುತ್ತಿದ್ದಳು. ಮದುವೆಯಾಗಿ ಹೋದ ಮೇಲೂ ತನ್ನ ಮರಿಗಳಿಗೆ ಅದೇ ಗುರುತು ಮಾಡುತ್ತಿದ್ದಳು.

ನಾನು ಡಾಕ್ಟರ ಕೈಯಿಂದ ಆ ಕಾಲನ್ನು ತೆಗೆದುಕೊಂಡೆ. ತುಂಬ ಹೊತ್ತು ಬಿಡಲಿಲ್ಲ. "ಇದು ನನ್ನ ತಂಗಿಯ ಹೇಂಟೆ" ಎಂದೆ. ಹೆರಾಲ್ಡ್ ನನ್ನನ್ನು ನೋಡಿ, "ಅದನ್ನೇ ನಾನು ಹೇಳುವುದು, ಭಾವ" ಎಂದ. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಆಯಾಸವಿತ್ತು.

ತೆನೆ ಹಬ್ಬದ ದಿನ ಪೂಜೆಯಾದ ಮೇಲೆ ಫಾದರ್ ವಿಲ್ಫ್ರೆಡ್ ಕಾಗದವನ್ನು ಓದಿದರು. ನಾನು ಎದ್ದು, ಬೆರಳಿನ ಗುರುತಿನ ಮಾತನ್ನು ಹೇಳಿದೆ. ಆ ದಿನ ಫೋನಿನಲ್ಲಿ ಏಕೆಂದು ಕೇಳದೆ ಉತ್ತರ ಕೊಟ್ಟದ್ದು ನನ್ನ ತಪ್ಪೆಂದೂ ಹೇಳಿದೆ. ಫಾದರ್ ಇಷ್ಟೇ ಹೇಳಿದರು: "ಕೊಟ್ಟ ಮಾತಿನ ಹೇಂಟೆ ಬಂದಿದೆ. ಬಟ್ಟೆ ಬದಲಿಸಿ ಬಂದಿದೆ. ಸ್ವೀಕರಿಸೋಣ."

ಆದರೆ ಸ್ವೀಕರಿಸುವುದೆಂದರೆ ಏಲಂ. ಹಬ್ಬದ ಏಲಂ ಕೋಳಿಯ ಗತಿ ಎಲ್ಲರಿಗೂ ಗೊತ್ತು: ಹಬ್ಬದ ದಿನ ತರಕಾರಿ ಊಟ, ಮಾರನೆಯ ದಿನ ಸಾರು. ಹೆರಾಲ್ಡ್ ಕಂಬಕ್ಕೆ ಒರಗಿ ನಿಂತಿದ್ದ. ಹರಕೆ ತೀರಿಸಬೇಕು, ತೀರಿಸಿದರೆ ಅದು ಹೋಗುತ್ತದೆ. ಅವನು ಸವಾಲು ಹಿಡಿಯುವಂತಿಲ್ಲ. ಅವನಿಗೆ ಹೇಳದೆ ನಾನು ಜೇಬಿನಲ್ಲಿ ಇದ್ದದ್ದನ್ನೆಲ್ಲ ತಂದಿದ್ದೆ.

ವ್ಯಾಲೆಂಟೈನ್ ಹಕ್ಕಿಯನ್ನು ಎತ್ತಿ ಹಿಡಿದು, "ಒಂದು ಹೇಂಟೆ" ಎಂದು ಕೂಗಿದ. ಹೇಂಟೆಯೂ ಕೂಗಿತು. ಅಂಗಳವೆಲ್ಲ ನಕ್ಕಿತು. ಆಗಸ್ಟಿನ ಸಭೆಯಲ್ಲಿ ಬರಬೇಕಿದ್ದ ನಗು.

ನಾನು ಸವಾಲು ಹಾಕಿದೆ. ಹಿಂದಿನಿಂದ ಆನ್ಸಿಲ್ಲಾ ಬಾಯಿ ಹೆಚ್ಚು ಹಾಕಿದರು. ನಾನು ಏರಿಸಿದೆ. ಅವರು ಏರಿಸಿದರು. ಉಳಿದವರು ಬಿಟ್ಟರು. ಒಂದು ಕೋಳಿಗೆ ಒಂದು ಕುರಿಯ ಬೆಲೆಯಾಯಿತು. ಇಬ್ಬರು ಮುದುಕರು, ಒಬ್ಬರ ಮುಖ ಒಬ್ಬರು ನೋಡದೆ, ಜಪಸರ ಹೇಳಿದಂತೆ ಸರದಿಯಲ್ಲಿ ಏರಿಸುತ್ತಾ ಹೋದೆವು.

"ಮಾಸ್ಟ್ರೇ, ಈ ಮುದಿ ಕೋಳಿಯ ಸಾರಿಗೆ ಇಷ್ಟು ಆಸೆಯಾ ನಿಮಗೆ?" ಎಂದರು ಅವರು ಕೊನೆಗೆ.

"ನಿಮಗೆ?" ಎಂದೆ.

"ನನಗೆ ಸಾರು ಬೇಡ. ಆ ಶುಕ್ರವಾರದ ಮಾತು ಮೊದಲು ಹೊರಟದ್ದು ನನ್ನ ಬಾಯಿಂದ. ಇದನ್ನು ಬದುಕಿಸಿ ರೋಸಿಗೆ ಮುಖ ತೋರಿಸಬೇಕೆಂದು ಉಂಟು ನನಗೆ."

ನಾನೂ ಅದಕ್ಕೇ ಬಂದವನು ಎಂದೆ. ಅವರು ಮುಖ ಒರೆಸಿಕೊಂಡು, "ಅದನ್ನು ಮೊದಲೇ ಹೇಳಲಿಕ್ಕೆ ಎಂತ ನಿಮಗೆ?" ಎಂದು ಗದರಿ ಕುಳಿತರು. ಮೂರು ಸಲ ಕೂಗಿ ವ್ಯಾಲೆಂಟೈನ್ ಹಕ್ಕಿಯನ್ನು ನನಗೆ ಕೊಟ್ಟ.

ನಮ್ಮ ಕಡೆ ಕೋಳಿಯನ್ನು ಪಾಲಿಗೆ ಸಾಕಲು ಕೊಡುವ ಪದ್ಧತಿ ಉಂಟು. ಹೇಂಟೆ ಒಬ್ಬರದು, ಸಾಕುವವರು ಇನ್ನೊಬ್ಬರು. ಮರಿಯಾದಾಗ ಅರ್ಧ ಅರ್ಧ. ನಾನು ಅಂಗಳ ದಾಟಿ ಕಂಬದ ಹತ್ತಿರ ಹೋಗಿ, ಬುಟ್ಟಿಯನ್ನು ಹೆರಾಲ್ಡನ ಕೈಗೆ ಕೊಟ್ಟೆ.

"ಪಾಲಿಗೆ ಸಾಕು. ಮರಿಯಾದರೆ ಅರ್ಧ ನನಗೆ."

ಹೆರಾಲ್ಡ್ ಬುಟ್ಟಿಯನ್ನು ನೋಡಿದ, ನನ್ನನ್ನು ನೋಡಿದ. ಡಾಕ್ಟರ ಮಾತು ಅವನಿಗೂ ನೆನಪಿತ್ತು. "ಸರಿಯಾಗಿ ಅರ್ಧ, ಭಾವ. ತಪ್ಪುವುದಿಲ್ಲ" ಎಂದ.

ಆ ತಿಂಗಳು ಮಾತೆಯ ಪ್ರತಿಮೆ ಅವನ ಮನೆಗೆ ಬಂತು. ಜಪಸರದ ಮೊದಲ ಅರ್ಧವನ್ನು ಅವನು ಹೇಳಿದ, ನಾವು ಮೂವತ್ತು ಜನ ಉಳಿದ ಅರ್ಧ ಹೇಳಿದೆವು. ಬೇಲಿಯ ಆಚೆ ಕುಶಲಾ ನಿಂತಿದ್ದಳು. ಮನೆಯ ಮಾಡು ಇವತ್ತಿಗೂ ಕುಸಿದಿಲ್ಲ.

ಹಕ್ಕಿ ಇನ್ನೂ ಎರಡು ವರ್ಷ ಬದುಕಿತು. ನನ್ನ ಪಾಲಿನ ಮರಿ ಒಂದೂ ಬರಲಿಲ್ಲ. ನಮ್ಮ ತಾಯಿಯ ಬುಟ್ಟಿಯ ವಂಶ ಅಲ್ಲಿಗೆ ಮುಗಿಯಿತು. ಕೆಮ್ಮಣ್ಣಿನಲ್ಲಿ ಉಳಿದ ರಾತ್ರಿಗಳ ಮಾರನೆಯ ಬೆಳಿಗ್ಗೆ ಅದರ ಕೂಗಿಗೇ ನಾನು ಎದ್ದು ಪ್ರಾರ್ಥನೆಗೆ ಕೂರುತ್ತಿದ್ದೆ. ಈಗ ಕೂಗಿಲ್ಲದೆಯೂ ಆ ಹೊತ್ತಿಗೆ ಎಚ್ಚರವಾಗುತ್ತದೆ.

ಸಿಂಪಿಯನ್ನೂ ಹಕ್ಕಿಯನ್ನೂ ನಿನ್ನ ಮನಸ್ಸು ಬಂದಂತೆ ಮಾಡಿದ ತಂದೆಯೇ, ನನ್ನ ತಂಗಿ ರೋಸಿ ಹರಕೆಯನ್ನು ಎರಡು ವರ್ಷ ತಡಮಾಡಿದ್ದು ಲೋಭದಿಂದಲ್ಲ, ತಾಯಿಯ ಮೇಲಿನ ಆಸೆಯಿಂದ. ಹೇಂಟೆ ಬಂದು ತಲುಪಿದೆ. ಅವಳು ಇನ್ನೂ ಬಾಗಿಲಲ್ಲಿದ್ದರೆ ಒಳಗೆ ಕರೆದುಕೋ. ಅವಳಿಗೆ ಮೊಣಕಾಲು ನೋವು, ಕೂರಲಿಕ್ಕೆ ಒಂದು ಜಾಗ ಕೊಡು. ನಿನ್ನ ಬೆಳಕು ಅವಳ ಮೇಲಿರಲಿ, ಅವಳು ಶಾಂತಿಯಿಂದಿರಲಿ. ಆಮೆನ್.